ಮಗುವಿನ ಕಾರು, ಅಮ್ಮನ ಔದಾರ್ಯ

ಈಗಷ್ಟೇ ಒಬ್ಬರ ಮನೆಯಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಆ ಮನೆಯವರೂ ನನ್ನ ಫ್ರೆಂಡ್ ಲಿಸ್ಟಲ್ಲಿದ್ದಾರೆ, ಓದಿದರೆ ಓದಲಿ.

ಮೂರು ವರ್ಷದ ಹುಡುಗ ತನ್ನ ಪಾಡಿಗೆ ತಾನು ಕಾರು ಓಡಿಸ್ತಾ ಕೂತಿದ್ದ. ಬಂದ ನೆಂಟರ ಮಗು ಅದೇ ಬೇಕು ಅಂತ ರಚ್ಚೆ ಹಿಡೀತು. "ಕೊಡು ಪುಟ್ಟಾ, ಜಾಣ ಅಲ್ವಾ ನೀನು" ಅಂದರು ಅಮ್ಮ. ಕೊಡಲಿಲ್ಲ. ದನಿ ಏರಿತು. ಆಗಲೂ ಕೊಡದಿದ್ದಾಗ ಬೆರಳು ಬಿಡಿಸಿ ಕಿತ್ತುಕೊಂಡೇಬಿಟ್ಟರು. ಅವನು ಹೋ ಅಂತ ಅತ್ತ. ಅತ್ತಿದ್ದಕ್ಕೂ ಬೈಸಿಕೊಂಡ. ಆಮೇಲೆ ಅಮ್ಮ ನಮ್ಮ ಕಡೆ ತಿರುಗಿ, ನಗ್ತಾ, "ಹಂಚಿಕೊಳ್ಳೋದು ಕಲಿಸ್ತಿದ್ದೀವಿ" ಅಂದರು.

ಏನು ಕಲಿಸಿದ್ದು ತಾಯೀ? ಕೈಯಲ್ಲಿ ಬಲ ಇರೋರು ಕಿತ್ತುಕೊಳ್ಳಬಹುದು ಅಂತ ಇವನು ಕಲಿತ. ಜೋರಾಗಿ ಅತ್ತರೆ ಬೇಕಾದ್ದು ಸಿಗುತ್ತೆ ಅಂತ ಆ ಮಗು ಕಲೀತು. ಔದಾರ್ಯದ ಹೆಸರು ಮಾತ್ರ ಅಮ್ಮನಿಗೆ ಬಂತು. ಕಾರು ಅವನದು, ಹೊಗಳಿಕೆ ಇವರದು.

ಪುಟಾಣಿಗಳ ಜೊತೆಗೇ ನನ್ನ ದಿನ ಕಳೆಯೋದು ಅಂತ ನಿಮಗೆಲ್ಲ ಗೊತ್ತು. ಅವಕ್ಕೆ ಸಹಾಯ ಮಾಡೋದನ್ನ ಹೊಸದಾಗಿ ತುರುಕಬೇಕಿಲ್ಲ. 2006ರಲ್ಲಿ ಮನೋವಿಜ್ಞಾನಿಗಳಾದ ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಸೆಲ್ಲೊ ಒಂದೂವರೆ ವರ್ಷದ ಮಕ್ಕಳ ಎದುರು ಬಟ್ಟೆ ಕ್ಲಿಪ್ ಬೀಳಿಸಿ, ಎಟುಕದವರ ಹಾಗೆ ಕೈಚಾಚಿ ನೋಡಿದರು. ಹೆಚ್ಚಿನ ಮಕ್ಕಳು ಯಾರೂ ಹೇಳದೆ ಎತ್ತಿಕೊಟ್ಟವು. ಬಹುಮಾನ ಇಲ್ಲ, ಭೇಷ್ ಅನ್ನೋರೂ ಇಲ್ಲ. ಎರಡು ವರ್ಷ ಬಿಟ್ಟು ಅದೇ ಜೋಡಿ ಇನ್ನೊಂದು ಪ್ರಯೋಗ ಮಾಡಿತು. ಸಹಾಯಕ್ಕೆ ಪ್ರತಿಸಲ ಆಟಿಕೆ ಪಡೆದ ಮಕ್ಕಳು, ಆಟಿಕೆ ನಿಂತ ಮೇಲೆ ಉಳಿದವರಿಗಿಂತ ಕಡಿಮೆ ಸಹಾಯ ಮಾಡಿದರು. ಒಳ್ಳೇತನಕ್ಕೆ ಸ್ಟಿಕ್ಕರ್, ಸ್ಟಾರು ಅಂತ ಗೋಡೆ ತುಂಬ ಚಾರ್ಟ್ ಅಂಟಿಸೋರು ಇದನ್ನ ಇನ್ನೊಂದ್ಸಲ ಓದಿ.

ತಮಾಷೆ ನೋಡಿ. ಇದೇ ಮಗು ಪೊರಕೆ ಹಿಡಿದು "ನಾನೂ ಗುಡಿಸ್ತೀನಿ" ಅಂತ ಬಂದರೆ "ಹೋಗಾಚೆ, ಗಲೀಜು ಮಾಡ್ಬೇಡ" ಅಂತ ಅಟ್ಟುತ್ತಾರೆ. ತಾನಾಗಿ ಬಂದ ಸಹಾಯ ಬೇಡ. ನೆಂಟರ ಮುಂದೆ ಕಾಣೋ ಅಂಥದ್ದು ಬೇಕು.

"ಹಾಗೆ ಬಿಟ್ಟರೆ ಸ್ವಾರ್ಥಿಗಳಾಗ್ತಾರೆ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಮೂರು ನಾಲ್ಕು ವರ್ಷದಲ್ಲಿ ಕೈಯಲ್ಲಿರೋದನ್ನ ಬಿಟ್ಟುಕೊಡೋದು ಬಹುಪಾಲು ಮಕ್ಕಳಿಗೆ ಕಷ್ಟವೇ. ಸಮಪಾಲಿನ ಹಟ ಬಲವಾಗೋದು ಏಳೆಂಟು ವರ್ಷದ ಹೊತ್ತಿಗೆ ಅಂತ 2008ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ಜೊತೆ ಅರ್ಥಶಾಸ್ತ್ರಜ್ಞ ಅರ್ನ್‌ಸ್ಟ್ ಫೆಹ್ರ್ ತಂಡ ಮಾಡಿದ ಅಧ್ಯಯನದಲ್ಲಿ ಕಂಡಿದೆ. ಅಂದರೆ ಅದು ಬೆಳೀತಾ ಬರೋ ಗುಣ. ನಿಮಗೆ ನೆಂಟರು ಎದ್ದು ಹೋಗೋದರೊಳಗೆ ಬರಬೇಕು, ಅಷ್ಟೇ ತಕರಾರು.

ಒತ್ತಾಯ ಬಿಟ್ಟರೆ ದಾರಿಯೇ ಇಲ್ಲ ಅನ್ನೋದೂ ಸುಳ್ಳು. ಮನೋವಿಜ್ಞಾನಿಗಳಾದ ನಾಡಿಯಾ ಚೆರ್ನ್ಯಾಕ್ ಮತ್ತು ತಮಾರ್ ಕುಶ್ನಿರ್ 2013ರಲ್ಲಿ ಪುಟ್ಟ ಮಕ್ಕಳಿಗೆ ಒಂದು ಸ್ಟಿಕ್ಕರ್ ಕೊಟ್ಟರು. ಬೇಜಾರಲ್ಲಿರೋ ಬೊಂಬೆಗೆ ಕೊಡ್ತೀಯೋ, ನೀನೇ ಇಟ್ಕೋತೀಯೋ ಅಂತ ಕೆಲವರಿಗೆ ಕೇಳಿದರು. ಇನ್ನು ಕೆಲವರಿಗೆ, ಕೊಡಲೇಬೇಕು ಅಂದರು. ಆಮೇಲೆ ಇನ್ನೊಂದು ಬೊಂಬೆ ಬಂದಾಗ ಹೆಚ್ಚು ಹಂಚಿದವರು, ಆಯ್ಕೆ ಸಿಕ್ಕಿದ್ದ ಮಕ್ಕಳು. ಇಟ್ಟುಕೊಳ್ಳೋ ಹಕ್ಕು ಇದ್ದಾಗ ಕೊಟ್ಟರೇನೇ ಅದು ಅವರು ಕೊಟ್ಟಿದ್ದು.

ನನ್ನ ವಿಷಯ ಹೇಳ್ತೀನಿ. ಯಾರಾದರೂ ನನ್ನ ಕಪಾಟಿನ ಪುಸ್ತಕ ಕೇಳಿದರೆ ನನಗೆ ಈಗಲೂ ಎದೆ ಧಸಕ್ಕೆನ್ನುತ್ತೆ. ಕೆಲವನ್ನ ಕೊಡೋದೇ ಇಲ್ಲ, ಕೊಡಲ್ಲ ಅಂತ ಹೇಳ್ತೀನಿ. ಯಾರೂ ನನ್ನ ಬೆರಳು ಬಿಡಿಸೋಕೆ ಬಂದಿಲ್ಲ. ವಯಸ್ಸಾದವರಿಗೆ ಇರೋ ಈ ಮರ್ಯಾದೆ ಮೂರು ವರ್ಷದವನಿಗೆ ಯಾಕಿಲ್ಲ?

ನೆಂಟರು ಬರೋ ಮುಂಚೆ "ಯಾವುದನ್ನ ಎತ್ತಿಡೋಣ, ಯಾವುದು ಎಲ್ಲರ ಆಟಕ್ಕೆ?" ಅಂತ ಮಗುವನ್ನೇ ಕೇಳಿ. ಆಟದ ಮಧ್ಯೆ ಬೇಡಿಕೆ ಬಂದರೆ "ನಿನ್ನದು ಮುಗಿದ ಮೇಲೆ ಕೊಡ್ತೀಯಾ?" ಅನ್ನಿ. ಬಹಳ ಸಲ ಕೊಡ್ತಾವೆ, ನಾನು ದಿನಾ ನೋಡ್ತೀನಿ. ಕೊಡದಿದ್ದರೆ ಆ ಇನ್ನೊಂದು ಮಗು ಸ್ವಲ್ಪ ಹೊತ್ತು ಅಳುತ್ತೆ, ಏನೂ ಆಗಲ್ಲ.

ಅಷ್ಟಕ್ಕೂ ನೆಂಟರಿಗೆ ಬೇಜಾರಾಗುತ್ತೆ ಅಂತಿದ್ದರೆ ಆ ಮಗುವಿಗೆ ನಿಮ್ಮ ಫೋನ್ ಕೊಡಿ. ಲಾಕ್ ತೆಗೆದು.