ಆಷಾಢ ದಾಟದ ಚಂದ ನಮಗ್ಯಾಕೆ?

ಶಾಲೆಗೆ ರಜೆ ಬಿತ್ತೆಂದರೆ ಎಲ್ಲರ ಮೊಬೈಲಿನಲ್ಲೂ ಅವೇ ವಿಡಿಯೋಗಳು. ಹಳೇ ಟೈರಿಗೆ ಬಣ್ಣ ಬಳಿದು ಹೂಕುಂಡ, ಪ್ಯಾಕಿಂಗ್ ಹಲಗೆಯ ಸೋಫಾ, ಗೋಡೆಗೆ ಅಂಟಿಸುವ ಇಟ್ಟಿಗೆ ಚಿತ್ರದ ಕಾಗದ. ನೋಡಲು ಚಂದವೇ. ನನ್ನ ತಕರಾರು ಒಂದೇ: ಇವನ್ನು ಮಾಡಿ ತೋರಿಸುವವರ ಊರಿಗೆ ನಮ್ಮ ಮಳೆ ಬರುವುದಿಲ್ಲ. ಜೂನಿನಲ್ಲಿ ಬಂದು ಜಗಲಿ ಮೇಲೆ ಕೂತರೆ ಚವತಿ ಮುಗಿದರೂ ಏಳದ ಮಳೆ ನಮ್ಮದು. ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು. ಮೇಲಿಂದ ಉಪ್ಪುಗಾಳಿ. ಹಾಗಾಗಿ ಏಪ್ರಿಲ್‌ನಲ್ಲಿ ಕೈಯಾರೆ ಮಾಡಿದ್ದು ಅಗ್ಗವೋ ದುಬಾರಿಯೋ ಅಂತ ನಾನು ಲೆಕ್ಕ ಹಾಕುವುದು ಆಗಸ್ಟ್‌ನಲ್ಲಿ.

ಆ ಲೆಕ್ಕದಲ್ಲಿ ಮೊದಲು ಬೀಳುವುದೇ ಟೈರು. ಬಣ್ಣದ ಟೈರಿನ ಒಳಮಡಿಕೆಯಲ್ಲಿ ಮಳೆನೀರು ನಿಂತರೆ ಡೆಂಗಿ ಹರಡುವ ಸೊಳ್ಳೆಗೆ ಒಂದು ವಾರ, ಹತ್ತು ದಿನ ಸಾಕು, ಮೊಟ್ಟೆಯಿಂದ ಹಾರುವ ತನಕ. ಅಂಗಳದ ಅಲಂಕಾರಕ್ಕೆ ಆಸ್ಪತ್ರೆ ಬಿಲ್ಲು! ತೀರಾ ಆಸೆಯಿದ್ದರೆ ಅಡಿಗೆ ನಾಲ್ಕೈದು ತೂತು ಕೊರೆಯಿರಿ, ಒಳಮಡಿಕೆಗೂ ಮಣ್ಣು ಒತ್ತಿ ತುಂಬಿ. ಒತ್ತುಹಲಗೆ, ಅದೇ ಪುಡಿ ಒತ್ತಿ ಮಾಡಿದ ಬೋರ್ಡು, ಅದರ ಕಪಾಟು ನಮ್ಮಲ್ಲಿ ಒಂದು ಮಳೆಗಾಲಕ್ಕೇ ಉಬ್ಬುತ್ತದೆ. ಅದರ ಬದಲು ಹಳೇ ಮನೆ ಕೆಡವುವಲ್ಲಿ ಸಿಗುವ ಹಲಸಿನ ಹಲಗೆ, ಮತ್ತಿ ರೀಪು ತಂದುಕೊಳ್ಳಿ. ಐವತ್ತು ಮಳೆ ಕಂಡ ಮರ ನಿಮ್ಮ ಮನೆಯ ಐವತ್ತೊಂದನೇ ಮಳೆಗೆ ಹೆದರುವುದಿಲ್ಲ.

ಕಿಸೆಯಿಂದ ದುಡ್ಡು ಬಿಚ್ಚಬೇಕಾದ ಜಾಗ ಒಂದಿದೆ. ಅದು ಮೊಳೆ ಮತ್ತು ಸ್ಕ್ರೂ. ಇಲ್ಲಿ ಜಿಪುಣತನ ಬೇಡ. ಅಂಕೋಲೆಯಂಥ ಕಡಲಂಚಿನ ಊರಲ್ಲಿ ಸಾದಾ ಕಬ್ಬಿಣದ ಮೊಳೆ ಕೆಂಪಾಗಿ ಮರವನ್ನೂ ತಿಂದು ಹಾಕುತ್ತದೆ. ಹೊರಗಿನ ಕೆಲಸಕ್ಕೆಲ್ಲ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಜಿಂಕ್ ಲೇಪದ ತಂತಿ. ಉಳಿದಿದ್ದೆಲ್ಲ ಹಿತ್ತಲಲ್ಲಿ, ತೋಟದಲ್ಲಿ, ಇಲ್ಲವೇ ಬಂದರಿನ ಬದಿಯಲ್ಲಿ ಬಿದ್ದಿರುತ್ತದೆ.

ತರಕಾರಿ ಬೇಲಿಯನ್ನೇ ನೋಡಿ. ನನ್ನ ತವರು ಶಿರಸಿ ಕಡೆ, ಘಟ್ಟದ ಮೇಲೆ. ಅಲ್ಲಿ ಬೇಲಿ ಅಂದರೆ ಅಡಿಕೆ ದಬ್ಬೆ. ಮುದಿಯಾಗಿ ಕಡಿದ ಅಡಿಕೆ ಮರವನ್ನು ಸೀಳಿ, ಒಳಗಿನ ಮೆತ್ತನೆ ತಿರುಳು ಕೆತ್ತಿ ತೆಗೆದರೆ ಉಳಿಯುವ ಗಟ್ಟಿ ಪಟ್ಟಿ. ತಿರುಳು ಉಳಿಸಿಕೊಂಡ ದಬ್ಬೆ ನೀರು ಕುಡಿದು ಬೇಗ ಲಡ್ಡಾಗುತ್ತದೆ, ಕೆತ್ತುವುದರಲ್ಲೇ ಆಯುಷ್ಯ ಇರುವುದು. ಇಲ್ಲಿ ಘಟ್ಟದ ಕೆಳಗೆ ಬೇಲಿ ಅಂದರೆ ಹಳೇ ಮೀನುಬಲೆ. ಹರಿದು ರಿಪೇರಿಗೆ ಬಾರದ ಬಲೆಯನ್ನು ಬೇಲೇಕೇರಿ, ಹಾರವಾಡ ಕಡೆ ಕೇಳಿದರೆ ಪುಕ್ಕಟೆ ಕೊಡುವವರೂ ಇದ್ದಾರೆ. ನೈಲಾನ್, ಕೊಳೆಯುವ ಮಾತಿಲ್ಲ. ಹೀರೆ, ಪಡವಲ ಹಬ್ಬಿಸಲು ಇದಕ್ಕಿಂತ ಒಳ್ಳೆಯ ಚಪ್ಪರ ನಾನು ಕಂಡಿಲ್ಲ. ಬಲೆಯ ಒಂದು ಕೇಡು ಮಾತ್ರ ನೆನಪಿರಲಿ: ನೆಲಕ್ಕೆ ತಾಗಿ ಕಟ್ಟಿದರೆ ಹಾವು ಸಿಕ್ಕಿಕೊಳ್ಳುತ್ತದೆ. ಕೇರೆಹಾವು ಪಾಪ, ಇಲಿ ಹಿಡಿಯಲು ಬಂದು ನಿಮ್ಮ ಬೇಲಿಯಲ್ಲಿ ಸಾಯುತ್ತದೆ. ನಾಗರವಾದರೆ ಬಿಡಿಸುವವರಾರು? ನಮ್ಮನೆಯಲ್ಲಿ ನೆಲದಿಂದ ಮೊಣಕಾಲೆತ್ತರಕ್ಕೆ ತವರಿನ ದಬ್ಬೆ, ಅದರ ಮೇಲೆ ಕಡಲಿನ ಬಲೆ. ಕೋಳಿ ನುಗ್ಗುವುದಿಲ್ಲ, ಹಾವೂ ಸಿಗುವುದಿಲ್ಲ. ಮಂಗನಿಗೆ ಎರಡೂ ಲೆಕ್ಕಕ್ಕಿಲ್ಲ, ಅದು ಬೇರೆ ಮಾತು. ಮಂಗನ ಕಾಟ ಇರುವವರು ಬೇಲಿಯಿಂದ ಹೊರಗೆ ಅರಿಶಿನ, ಶುಂಠಿ, ಕೆಸು ಹಾಕಿಕೊಂಡು ಸಮಾಧಾನಪಡಬೇಕು.

ಬೀಜಕ್ಕೆ ಬಣ್ಣದ ಪ್ಯಾಕೆಟ್ ಯಾಕೆ? ಅಂಕೋಲೆ ಪೇಟೆಯಲ್ಲಿ ತರಕಾರಿ ಇಟ್ಟು ಕೂರುವ ಹಾಲಕ್ಕಿ ಒಕ್ಕಲು ಸಮುದಾಯದ ಅಮ್ಮಂದಿರನ್ನು ಕೇಳಿ. ಯಾವ ಹೀರೆ ಮಳೆಗೆ ನಿಲ್ಲುತ್ತದೆ, ಯಾವ ಹರಿವೆ ಬಿಸಿಲಿಗೆ, ಎಲ್ಲ ಹೇಳುತ್ತಾರೆ. ಕೊಳ್ಳುವವರು ಕೇಳುವುದಿಲ್ಲ, ಅಷ್ಟೇ. ಅದೇ ಸಮುದಾಯದ, ಕಾಡಿನ ಗಿಡ ಬೆಳೆಸಿ ಹೆಸರಾದ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಪದ್ಮಶ್ರೀ ಪಡೆದ ಬರಿಗಾಲಿನ ಫೋಟೋವನ್ನು ನಾವೆಲ್ಲ ಹಂಚಿಕೊಂಡೆವು. ಅವರ ವಿದ್ಯೆ ಇದ್ದದ್ದು ಯಾವ ತಾಯಿಮರದ ಬೀಜವನ್ನು ಯಾವಾಗ ತೆಗೆಯಬೇಕು ಅನ್ನುವುದರಲ್ಲಿ. ಆ ವಿದ್ಯೆಯ ಚೂರುಪಾರು ನಮ್ಮ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಇನ್ನೂ ಕೂತಿದೆ. ಬಸಳೆಗಂತೂ ಬೀಜವೇ ಬೇಡ. ಸಾರಿಗೆಂದು ತಂದ ಕಟ್ಟಿನಲ್ಲಿ ದಪ್ಪ ದಂಟು ನಾಲ್ಕು ಎತ್ತಿಟ್ಟು ನೆಟ್ಟರೆ ಮುಗಿಯಿತು.

ಮಕ್ಕಳನ್ನು ಸೇರಿಸಿಕೊಳ್ಳಲು ನನಗೆ ಹಿಡಿಸಿದ ಕೆಲಸ ಮಡಲು ಹೆಣೆಯುವುದು. ತೆಂಗಿನ ಗರಿಯನ್ನು ನಡುವೆ ಸೀಳಿ, ಎರಡು ಮೂರು ದಿನ ನೀರಲ್ಲಿ ಮುಳುಗಿಸಿಟ್ಟರೆ ಬಾಗುತ್ತದೆ, ಮುರಿಯುವುದಿಲ್ಲ. ಪಡುವಣ ಗೋಡೆಗೆ ಹೊಡೆಯುವ ಇರಚಲಿಗೆ ಈ ತಟ್ಟಿ ಕಟ್ಟುವುದು ಹಿಂದೆ ಮನೆಮನೆಯ ಕೆಲಸವಾಗಿತ್ತು, ಈಗ ನೀಲಿ ಪ್ಲಾಸ್ಟಿಕ್ ತಾಡಪಾಲು ಬಂದಿದೆ. ತಾಡಪಾಲಿನ ಒಳಗೆ ಗೋಡೆ ಬೆವರುತ್ತದೆ, ಮಡಲಿನ ತಟ್ಟಿಯಲ್ಲಿ ಗಾಳಿಯಾಡುತ್ತದೆ. ಚಿರೇಕಲ್ಲಿನ ಗೋಡೆಗೆ ಈ ವ್ಯತ್ಯಾಸ ಗೊತ್ತು. ಅಜ್ಜಿಯ ಪಕ್ಕ ಕೂತು ಮೊಮ್ಮಗ ಮೊದಲ ತಟ್ಟಿಯನ್ನು ಓರೆಕೋರೆ ಹೆಣೆಯಲಿ, ಅದನ್ನು ಕೋಳಿಗೂಡಿಗೆ ಕಟ್ಟಿದರಾಯಿತು. ತೆಂಗಿನಕಾಯಿ ಸಿಪ್ಪೆ ಗೋರಿ ಹೊತ್ತು ಹಾಕುವುದೂ ಮಕ್ಕಳಿಗೆ ಸರಿಯಾದ ಕೆಲಸ. ತೆಂಗಿನ ಬುಡದ ಸುತ್ತ ಹೊಂಡ ತೆಗೆದು ಸಿಪ್ಪೆಯನ್ನು ಬೊಗಸೆಯಂಥ ಒಳಬದಿ ಮೇಲೆ ಬರುವಂತೆ ಹೂತರೆ ಅದು ನೀರು ಹಿಡಿದಿಡುತ್ತದೆ, ಬೇಸಿಗೆಯ ಕೊಡ ಹೊರುವುದು ತಪ್ಪುತ್ತದೆ.

ಗೋಡೆಯ ವಿಷಯಕ್ಕೆ ಬಂದರೆ ನಾನು ಪೂರ್ತಿ ಸುಣ್ಣದ ಪಕ್ಷ. ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪಿ ತೆಗೆಯುವ ನಾಡು ಇದು, ಚಿಪ್ಪಿ ಸುಣ್ಣ ನಮಗೆ ಹೊಸದಲ್ಲ. ಪ್ಲಾಸ್ಟಿಕ್ ಬಣ್ಣ ಗೋಡೆಯ ತೇವವನ್ನು ಒಳಗೇ ಕೂಡಿಹಾಕಿ ಕಡೆಗೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಅದರ ಖಾರಕ್ಕೆ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ. ಮಾಡುವ ಕ್ರಮ ಇಷ್ಟು: ಗೋಡೆಗೆ ನೀರು ಚಿಮುಕಿಸಿ ಒದ್ದೆ ಮಾಡಿ, ಸುಣ್ಣವನ್ನು ಹಾಲಿನಷ್ಟು ತೆಳ್ಳಗೆ ಕಲಸಿ, ಒಂದು ದಪ್ಪ ಕೋಟಿನ ಬದಲು ಮೂರು ತೆಳು ಕೋಟು ಹೊಡೆಯಿರಿ. ಬಳಿದ ಹೊತ್ತಿಗೆ ಏನೂ ಕಾಣುವುದಿಲ್ಲ, ಒಣಗಿದಾಗ ಬೆಳ್ಳಗಾಗುತ್ತದೆ. ಹೊಸಬರು ಇಲ್ಲೇ ಗಾಬರಿಯಾಗಿ ಮತ್ತೆ ಮತ್ತೆ ಬಳಿಯುತ್ತಾರೆ. ಸುಟ್ಟ ಸುಣ್ಣಕ್ಕೆ ನೀರು ಹಾಕುವಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಆ ಹೊತ್ತು ಮಕ್ಕಳು ಅಂಗಳದ ಆಚೆ. ಮಾಡುವವರಿಗೆ ಕನ್ನಡಕ, ಕೈಗವಸು ಬೇಕೇ ಬೇಕು. ಆದರೆ ಈಗಾಗಲೇ ಎಣ್ಣೆ ಬಣ್ಣ, ಪ್ಲಾಸ್ಟಿಕ್ ಬಣ್ಣ ಇರುವ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಕೆರೆದು ತೆಗೆಯದೇ ಬಳಿಯಬೇಡಿ.

ಇನ್ನು ನೀರು. ನಮ್ಮ ಜಿಲ್ಲೆಯ ದೊಡ್ಡ ವಿಚಿತ್ರ ಇದು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 1000 ಚದರಡಿಯ ಮಾಡು ಅಂದರೆ ಸುಮಾರು 93 ಚದರ ಮೀಟರ್. 3000 ಮಿಲಿಮೀಟರ್ ಮಳೆಗೆ ಅದರ ಮೇಲೆ ಬೀಳುವುದು 2.79 ಲಕ್ಷ ಲೀಟರ್. ಐದರಲ್ಲೊಂದು ಪಾಲು ಚೆಲ್ಲಿ ಹೋಯಿತು ಅಂದುಕೊಂಡರೂ ದಿನಕ್ಕೆ 500 ಲೀಟರ್ ಬಳಸುವ ಮನೆಗೆ ವರ್ಷ ದಾಟಿಯೂ ಮಿಗುತ್ತದೆ. ಅಷ್ಟು ನೀರನ್ನು ಚರಂಡಿಗೆ ಕಳಿಸಿ ಏಪ್ರಿಲ್‌ನಲ್ಲಿ ಟ್ಯಾಂಕರಿಗೆ ಫೋನು ಮಾಡುತ್ತೇವೆ. ಹೂಕುಂಡಕ್ಕೆ ಹಾಕುವ ದುಡ್ಡನ್ನು ಒಂದು ವರ್ಷ ಸೂರಂಚಿನ ದೋಣಿಗೆ, ಅಂದರೆ ಮಾಡಿನ ನೀರು ಹಿಡಿಯುವ ಕಾಲುವೆಗೆ, ಹಾಕಿ ನೋಡಿ. ಅರ್ಧ ಸೀಳಿದ ಪಿವಿಸಿ ಪೈಪು ಸಾಕು, ಘಟ್ಟದ ಮೇಲಿನವರಿಗೆ ಅಡಿಕೆ ಮರ ಸೀಳಿ ತಿರುಳು ತೆಗೆದ ದಂಬೆಯೂ ಆದೀತು, ಒಂದೆರಡು ಮಳೆಗಾಲಕ್ಕೆ. ದೋಣಿಯ ತುದಿಗೆ ಹಳೇ ಡ್ರಮ್ಮು, ಅದರೊಳಗೆ ಕೆಳಗಿನಿಂದ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಇದ್ದಿಲು, ಮೇಲೆ ಮರಳು. ಅಲ್ಲಿಂದ ಬಾವಿಗೆ. ಮೊದಲ ನಾಲ್ಕೈದು ಜಡಿಮಳೆ ಮಾಡಿನ ಕಸ, ಹಕ್ಕಿಹಿಕ್ಕೆ ತೊಳೆಯಲಿ, ಆಮೇಲೆ ಪೈಪು ಬಾವಿಗೆ ತಿರುಗಿಸಿ. ಕುಡಿಯುವ ಬಾವಿಯಾದರೆ ನೀರು ಕಾಯಿಸಿಯೇ ಕುಡಿಯಿರಿ. ಸಮುದ್ರದ ಹತ್ತಿರದ ಬಾವಿಗಳಿಗೆ ಇದು ಇನ್ನೂ ಮುಖ್ಯ, ಸಿಹಿನೀರು ಇಳಿದಷ್ಟೂ ಉಪ್ಪುನೀರು ಹಿಂದೆ ಸರಿಯುತ್ತದೆ.

ಎಲ್ಲವನ್ನೂ ನಾವೇ ಮಾಡಬೇಕು ಅನ್ನುವ ಹಟವೂ ನನಗಿಲ್ಲ. ಹಂಚಿನ ಮಾಡು ಹತ್ತುವುದು, ಕರೆಂಟಿನ ವಯರು ಮುಟ್ಟುವುದು, ಮರ ಕಡಿಯುವುದು ಕಲಿತವರ ಕೆಲಸ. ಪಾಚಿಗಟ್ಟಿದ ಹಂಚಿನ ಮೇಲಿಂದ ಜಾರಿದರೆ ಉಳಿಸಿದ ಕೂಲಿಯ ನೂರು ಪಾಲು ಮೂಳೆಗೆ ಹೋಗುತ್ತದೆ. ಹಂಚು ತಿರುವಿಸಲು ಆಳು ಬೇಕಾದವರು ಈಗಲೇ ಹೇಳಿಡಿ, ರೋಹಿಣಿ ಮಳೆ ಹನಿದ ಮೇಲೆ ಅವರ ಫೋನು ಎತ್ತುವುದಿಲ್ಲ.

ಇಷ್ಟೆಲ್ಲ ಉಪಯೋಗದ ಮಾತಾಡಿ ಚಂದವನ್ನು ಮರೆತಳು ಅನ್ನಬೇಡಿ. ಶಿರಸಿ, ಸಿದ್ದಾಪುರದ ಮನೆಗಳ ಮಳೆಗಾಲದ ಅಂಗಳ ನೋಡಿದವರಿಗೆ ಡೇರೆ ಹೂವು, ಅದೇ ಡೇಲಿಯಾ, ಗೊತ್ತು. ಬೇಸಿಗೆಯಲ್ಲಿ ಗಡ್ಡೆ ಕಿತ್ತು ತಣ್ಣನೆ ಮೂಲೆಯಲ್ಲಿ ಮರಳಲ್ಲಿ ಮುಚ್ಚಿಟ್ಟು, ಮಳೆ ಹಿಡಿಯುವ ಹೊತ್ತಿಗೆ ನೀರು ನಿಲ್ಲದ ಏರಿ ಮೇಲೆ ನೆಟ್ಟು, ದಬ್ಬೆಯ ಊರುಗೋಲು ಕೊಟ್ಟರೆ ಚವತಿಗೆ ತಟ್ಟೆಯಗಲದ ಹೂವು. ಕೊಳ್ಳುವವರು ಕಡಿಮೆ, ಬದಲಾಯಿಸಿಕೊಳ್ಳುವವರೇ ಎಲ್ಲ. ಘಟ್ಟದ ಕೆಳಗೆ ಸೆಖೆಗೆ ಅದು ಅಷ್ಟು ಹಿಗ್ಗುವುದಿಲ್ಲ, ಆದರೂ ನಾನು ಹಾಕುತ್ತೇನೆ.

ಈ ಸಲ ನನಗೆ ಕಡುಗೆಂಪಿನ ಡೇರೆ ಗಡ್ಡೆ ಬೇಕು. ಮಿಕ್ಕಿದ್ದವರು ಕಾಮೆಂಟಿನಲ್ಲಿ ಹೇಳಿ. ಬದಲಿಗೆ ಒಂದು ಚೀಲ ಹಳೇ ಬಲೆ, ಹಬ್ಬಿಸುವಷ್ಟು ಬಸಳೆ ದಂಟು ಕೊಡುತ್ತೇನೆ. ಶಿರಸಿ ಬಸ್ಸಿನಲ್ಲಿ ಬರುವವರ ಕೈಲಿ ಕಳಿಸಿದರೂ ಸರಿ, ಮೃಗಶಿರ ಮಳೆಗೆ ಮೊದಲು ಸಿಕ್ಕರೆ ಸಾಕು.