ಒಬ್ಬಳಿಗೊಂದು ಮೇಜು

ವಿಯೆನ್ನಾದ ಆ ಕಾಫಿಹೌಸಿನ ಬಾಗಿಲು ತಳ್ಳಿ ಒಳಗೆ ಹೋದವಳೇ ಒಂದು ಬೆರಳು ಎತ್ತಿ ತೋರಿಸಿದೆ. ಒಬ್ಬಳೇ ಬಂದಿದ್ದೀನಿ, ತಪ್ಪಾಯ್ತು ಅನ್ನೋ ಹಾಗೆ. ಕಪ್ಪು ಕೋಟಿನ ವೇಟರ್ ಬೆರಳನ್ನು ನೋಡಲೇ ಇಲ್ಲ. ಕಿಟಕಿ ಪಕ್ಕದ ದೊಡ್ಡ ಮೇಜಿನ ಕಡೆ ಕೈ ತೋರಿಸಿ ಹೋಗಿಬಿಟ್ಟರು. ನಾಲ್ಕು ಜನ ಕೂರುವ ಮೇಜು! ನಾನು ಅದನ್ನು ಬಿಟ್ಟು ಮೂಲೆಯಲ್ಲಿ ಸಣ್ಣದೇನಾದರೂ ಇದೆಯಾ ಅಂತ ಹುಡುಕಿದೆ ಅಂದರೆ ನನ್ನ ಅಭ್ಯಾಸ ಎಂಥದ್ದು ನೋಡಿ.

ಪ್ರಾಗ್‌ನಿಂದ ಅಥೆನ್ಸ್‌ವರೆಗೆ 32 ದಿನದ ಪ್ರವಾಸ, ಒಬ್ಬಳೇ. ನಡುವೆ ವಿಯೆನ್ನಾದಲ್ಲಿ ನಾಲ್ಕು ದಿನ ಇಟ್ಟುಕೊಂಡಿದ್ದೇ ಬಟ್ಟೆ ಒಗೆಯೋಕೆ, ಕಾಲು ಚಾಚೋಕೆ. ಷೋನ್‌ಬ್ರುನ್ ಅರಮನೆಯಲ್ಲಿ 1,441 ಕೋಣೆಗಳಿವೆ. ಒಂದನ್ನೂ ನೋಡಲಿಲ್ಲ. ನಾಲ್ಕು ದಿನವೂ ಅದೇ ಕಾಫಿಹೌಸಿಗೆ ಹೋಗಿ ಕೂತೆ.

ನನ್ನ ಬೆರಳಿಗೂ ಒಂದು ಕಥೆ ಇದೆ. ಹೋದ ವರ್ಷ ಬೆಂಗಳೂರಿಗೆ ಹೋಗಿದ್ದಾಗ ಒಂದು ಹಳೇ ಹೋಟೆಲಿಗೆ ತಿಂಡಿಗೆ ಹೋದೆ. 'ಒಬ್ರೇನಾ?' ಅಂದರು ಸಪ್ಲೈಯರ್. ಹೂಂ ಅಂದೆ. 'ಅಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಿ.' ಅಲ್ಲಿ ಅಂದರೆ ಅಪ್ಪ, ಅಮ್ಮ, ಪೂರಿ ಹರಿಯುತ್ತಿದ್ದ ಮಗು. ಅವರ ಮನೆ ಜಗಳದ ಮಧ್ಯೆ ನನ್ನ ದೋಸೆ. ಅರ್ಧ ದೋಸೆ ಮುಗಿದಿರಲಿಲ್ಲ, ಹಿಂದೆ ಒಬ್ಬರು ಬಂದು ನನ್ನ ಕುರ್ಚಿಯ ಮೇಲೆ ಕೈಯಿಟ್ಟು ನಿಂತರು, ನಾನು ಎದ್ದರೆ ಕುರ್ಚಿ ಎಲ್ಲಿ ಓಡಿಹೋಗುತ್ತೋ ಅಂತ. ಬಿಲ್ಲು ಕೇಳುವ ಮೊದಲೇ ಮೇಜಿಗೆ ಬಂತು. ಇದು ಬೆಂಗಳೂರಿನ ಕಥೆ ಮಾತ್ರ ಅಲ್ಲ. ನಾನಿರೋದು ಮುಂಬೈಯಲ್ಲಿ, ಮಾಟುಂಗಾ ಹತ್ತಿರ. ನಮ್ಮ ಉಡುಪಿಯವರು ಇಡ್ಲಿ ಸಾಂಬಾರಿನ ಜೊತೆ ಈ ಪದ್ಧತಿಯನ್ನೂ ಗಂಟು ಕಟ್ಟಿಕೊಂಡೇ ಬಂದಿದ್ದಾರೆ.

ಇಲ್ಲಿ ಕಾಫಿ ಬಂತು. ಮೆಲಾಂಜ್ ಅಂತಾರೆ, ನೊರೆಹಾಲಿನ ಕಾಫಿ. ಪುಟ್ಟ ಲೋಹದ ತಟ್ಟೆಯಲ್ಲಿ ಕಪ್ಪು, ಪಕ್ಕದಲ್ಲಿ ಒಂದು ಲೋಟ ನೀರು, ಲೋಟದ ಮೇಲೆ ಬೋರಲು ಹಾಕಿದ ಚಮಚ. ಆ ನೀರು 1873ರಿಂದ ಬೆಟ್ಟದ ಬುಗ್ಗೆಯಿಂದ ಪೈಪಿನಲ್ಲಿ ಊರಿಗೆ ಇಳಿದು ಬರುತ್ತಿದೆಯಂತೆ, ನಲ್ಲಿಗೆ ಬಾಯಿಟ್ಟೇ ಕುಡಿಯಬಹುದು. ಖಾಲಿಯಾದರೆ ಕೇಳದೆಯೇ ಇನ್ನೊಂದು ಲೋಟ ತಂದಿಟ್ಟರು. ಬಾಟ್ಲಾ, ನಾರ್ಮಲ್ಲಾ ಅಂತ ಯಾರೂ ಕೇಳಲಿಲ್ಲ. ಗೋಡೆಗೆ ಮರದ ಕೋಲಿಗೆ ಸಿಕ್ಕಿಸಿದ ಪೇಪರುಗಳು. ಜರ್ಮನ್ ಬಾರದಿದ್ದರೂ ಒಂದನ್ನು ತಂದು ಮುಂದೆ ಇಟ್ಟುಕೊಂಡೆ. ಒಂದು ಗಂಟೆ ಆಯ್ತು, ಎರಡಾಯ್ತು. ಬಿಲ್ಲಿನ ಸುದ್ದಿಯೇ ಇಲ್ಲ. 'ತ್ಸಾಲೆನ್ ಬಿಟ್ಟೆ', ಅಂದರೆ ಜರ್ಮನ್‌ನಲ್ಲಿ 'ಬಿಲ್ಲು ಕೊಡಿ' ಅಂತ ನಾವೇ ಕೇಳಬೇಕು, ಅಲ್ಲಿಯವರೆಗೆ ಮೇಜು ನಮ್ಮದು. ಹೀಗೆ ಸುಮ್ನೆ ಕೂರುವುದನ್ನು ಆಸ್ಟ್ರಿಯಾದವರು 2011ರಲ್ಲಿ ತಮ್ಮ ದೇಶದ ಪರಂಪರೆಯ ಪಟ್ಟಿಗೇ ಸೇರಿಸಿಕೊಂಡಿದ್ದಾರೆ. ನಮ್ಮೂರಲ್ಲಿ ಸುಮ್ನೆ ಕೂತವರಿಗೆ ಏನಂತಾರೆ ಅನ್ನೋದು ನಿಮಗೇ ಗೊತ್ತು, ಅದರಲ್ಲೂ ಹೆಂಗಸು ಕೂತರೆ.

ನನಗೆ ಹೊಟ್ಟೆಕಿಚ್ಚಾಗಿದ್ದು ಕಾಫಿಗಲ್ಲ. ನಮ್ಮ ಡಿಕಾಕ್ಷನ್ ಮುಂದೆ ಅದು ಸಪ್ಪೆ. ಒಬ್ಬಳು ಅಂದರೆ ಅಲ್ಲಿ ಪೂರ್ತಿ ಒಂದು ಗಿರಾಕಿ. ನಮ್ಮಲ್ಲಿ ಒಬ್ಬಳು ಅಂದರೆ ನಾಲ್ಕರಲ್ಲಿ ಒಂದು ಭಾಗ, ಉಳಿದ ಮೂರು ಖಾಲಿ ಕುರ್ಚಿಗೆ ನಾವೇ ಜವಾಬ್ದಾರಿ.

ಸರಿ, ಒಪ್ಪುತ್ತೀನಿ. ಆ ಕಾಫಿಗೆ ಕೊಟ್ಟದ್ದು ಐನೂರು ರೂಪಾಯಿಗೂ ಜಾಸ್ತಿ, ಕುರ್ಚಿ ಬಾಡಿಗೆ ಅದರಲ್ಲೇ ಇದೆ. ಇಪ್ಪತ್ತು ರೂಪಾಯಿ ಕಾಫಿಗೆ ಮೂರು ಗಂಟೆ ಕೂತರೆ ನಮ್ಮ ದರ್ಶಿನಿಯವರು ಮನೆ ನಡೆಸೋದು ಹೇಗೆ? ಆಮೇಲೆ, 1876ರ ಪ್ರಸಿದ್ಧ ಕೆಫೆ ಸೆಂಟ್ರಲ್ ಹತ್ತಿರವೂ ಹೋಗಿದ್ದೆ. ಬಾಗಿಲಾಚೆ ನಮ್ಮೋರ ಹಾಗೇ ಕ್ಯೂ. ನಿಲ್ಲದೆ ವಾಪಸ್ ಬಂದೆ.

ಇನ್ನೊಂದು ಮಾತು, ಇದನ್ನು ಬರೆಯೋಕೆ ಮನಸ್ಸಿರಲಿಲ್ಲ. ಮೂರನೇ ದಿನ ಮೆನು ತಿರುವುತ್ತಾ ಕೂತಿದ್ದೆ. 1683ರ ಮುತ್ತಿಗೆಯಲ್ಲಿ ಸೋತು ಓಡಿದ ತುರ್ಕರು ಬಿಟ್ಟುಹೋದ ಕಾಫಿ ಮೂಟೆಗಳಿಂದ ಈ ಊರಿನ ಕಾಫಿ ಶುರುವಾಯ್ತು ಅನ್ನೋ ಕಥೆ ನೆನಪಾಯ್ತು. ನಾನು ಮೂಡಿಗೆರೆಯವಳು. ಬಾಬಾ ಬುಡನ್ ತಂದ ಏಳು ಬೀಜದ ಕಥೆ ಕೇಳಿಕೊಂಡೇ ಬೆಳೆದವಳು. ಅಲ್ಲಿ ಮೂಟೆ, ಇಲ್ಲಿ ಏಳೇ ಬೀಜ ಅಂತ ಯಾರಿಗಾದರೂ ಹೇಳಬೇಕು ಅನ್ನಿಸಿ ಬಾಯಿ ತುರಿಸಿತು. ಎದುರಿಗೆ ಮೂರು ಖಾಲಿ ಕುರ್ಚಿ. ಮಾಟುಂಗಾದಲ್ಲಾಗಿದ್ದರೆ ಎದುರು ಅಡ್ಜಸ್ಟ್ ಆದ ಯಾರೋ ಅಜ್ಜ, ಸಾಂಬಾರ್ ಸುರಿದುಕೊಳ್ಳುತ್ತಲೇ, ಊರು ಯಾವುದಮ್ಮಾ, ಎಷ್ಟು ಎಕರೆ ತೋಟ ಇದೆ ಅಂತ ಕೇಳಿ ಮುಗಿಸಿರುತ್ತಿದ್ದರು.

ಕೊನೇ ದಿನ ಪಕ್ಕದ ಮೇಜಿಗೆ ಒಬ್ಬ ಅಜ್ಜಿ ನಾಯಿ ಕರೆದುಕೊಂಡು ಬಂದರು. ಅಲ್ಲಿ ನಾಯಿಗೂ ಪ್ರವೇಶ ಇದೆ. ಅಜ್ಜಿ ನನ್ನ ಕಡೆ ತಲೆಯಾಡಿಸಿ ಪೇಪರಿನೊಳಗೆ ಮುಳುಗಿದರು. ನಾಯಿ ಮಾತ್ರ ಎದ್ದು ಬಂತು, ನನ್ನ ಮೇಜಿನ ಕೆಳಗೆ ನುಗ್ಗಿ ಪಾದದ ಮೇಲೆ ಗದ್ದ ಊರಿ ಮಲಗಿತು. ನಾಲ್ಕು ದಿನದಲ್ಲಿ ನನ್ನ ಜೊತೆ ಅಡ್ಜಸ್ಟ್ ಮಾಡಿಕೊಂಡದ್ದು ಅದೊಂದೇ. ಕಾಲು ಜೋಮು ಹಿಡಿಯುವವರೆಗೂ ನಾನು ಬಿಲ್ಲು ಕೇಳಲಿಲ್ಲ.