ಅಣಬೆ ತಿಂದವರ ಪಕ್ಕ ಕೂತವರು ಯಾರು?

ನಿನ್ನೆ ತಂಗಿ ಮಗಳು ಬೆಂಗಳೂರಿನಿಂದ ವಾಟ್ಸಾಪಿನಲ್ಲಿ ಒಂದು ಪೋಸ್ಟರ್ ಕಳಿಸಿದಳು. ಅದನ್ನು ನೋಡಿದಾಗಿನಿಂದ ನನಗೆ ಕೈಕಾಲು ಆಡುತ್ತಿಲ್ಲ. ಕೊಡೈಕೆನಾಲ್ ಹತ್ತಿರ ಎರಡು ರಾತ್ರಿ. ಬೆಟ್ಟ, ಮಂಜು, ಬೆಂಕಿಯ ಸುತ್ತ ಹಾಡು, ಜೊತೆಗೆ ಮ್ಯಾಜಿಕ್ ಮಶ್ರೂಮ್, ಅಂದರೆ ಭ್ರಮೆ ಹುಟ್ಟಿಸುವ ಅಣಬೆ. ಮೇಲೆ ದೊಡ್ಡ ಅಕ್ಷರದಲ್ಲಿ, 'ಒಂದೇ ರಾತ್ರಿಯಲ್ಲಿ ನಿಮ್ಮನ್ನು ನೀವು ಪ್ರೀತಿಸಲು ಕಲಿಯಿರಿ.' ಕೆಳಗೆ ಸಣ್ಣ ಅಕ್ಷರದಲ್ಲಿ, 'ಡಿಪ್ರೆಶನ್ ಮಾತ್ರೆ ತಗೊಳ್ಳುವವರು ಒಂದು ವಾರ ಮುಂಚೆ ನಿಲ್ಲಿಸಿ ಬನ್ನಿ.'

ಆ ಸಣ್ಣ ಅಕ್ಷರವನ್ನು ಮೂರು ಸಲ ಓದಿದೆ. ಈ ಹುಡುಗಿ ಎರಡು ವರ್ಷದಿಂದ ಅಂಥದ್ದೇ ಮಾತ್ರೆ ತಗೊಳ್ತಿದ್ದಾಳೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

'ದೊಡ್ಡಮ್ಮ, ನೀನಿರೋ ಊರಲ್ಲಿ ಇದು ಲೀಗಲ್ ಅಲ್ವಾ? ನಿನ್ನ ಫ್ರೆಂಡ್ ತಗೊಂಡು ಪೂರ್ತಿ ಬದಲಾದ್ರು ಅಂದಿದ್ದೆ ತಾನೇ?'

ಹೌದು, ಅಂದಿದ್ದೆ. ಕಳೆದ ವರ್ಷ ಫೋನಿನಲ್ಲಿ ಎರಡೇ ಮಾತಲ್ಲಿ ಹೇಳಿ ಮುಗಿಸಿದ್ದೆ. 'ಅಣಬೆ ತಿಂದ್ರು ಕಣೇ, ಆಮೇಲೆ ಬೇರೆ ಮನುಷ್ಯರೇ ಆಗಿಬಿಟ್ರು.' ಆ ಪೋಸ್ಟರ್ ಮಾಡಿದವನ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ, ನನ್ನ ಈ ಅರ್ಧಂಬರ್ಧ ಮಾತಿನ ಮೇಲೂ ಅಷ್ಟೇ ಸಿಟ್ಟಿದೆ. ಹಾಗಾಗಿ ಇವತ್ತು ಪೂರ್ತಿ ಹೇಳ್ತೀನಿ.

ನಾನಿರೋದು ಅಮೆರಿಕದ ಆರೆಗಾನ್ ರಾಜ್ಯ ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಈ ಅಣಬೆಯಲ್ಲಿ ಭ್ರಮೆ ಹುಟ್ಟಿಸುವ ಅಂಶದ ಹೆಸರು ಸೈಲೋಸೈಬಿನ್. 2020ರ ನವೆಂಬರಿನಲ್ಲಿ ಇಲ್ಲಿನ ಜನ ಮತ ಹಾಕಿ ಸೈಲೋಸೈಬಿನ್ ಅಣಬೆಗೆ ಒಪ್ಪಿಗೆ ಕೊಟ್ಟರು. 2023ರಲ್ಲಿ ಮೊದಲ ಕೇಂದ್ರಗಳು ತೆರೆದವು. ಡಾಕ್ಟರ ಚೀಟಿ ಬೇಡ, 21 ವರ್ಷ ಆಗಿದ್ದರೆ ಸಾಕು. ಆದರೆ ಅಂಗಡಿಯಲ್ಲಿ ಕೊಂಡು ಮನೆಗೆ ತರೋ ಹಾಗಿಲ್ಲ. ಲೈಸೆನ್ಸ್ ಇರುವ ಕೇಂದ್ರದಲ್ಲೇ ತಿನ್ನಬೇಕು, ತರಬೇತಿ ಪಡೆದವರೊಬ್ಬರು ಮುಗಿಯುವ ತನಕ ಜೊತೆಗಿರಬೇಕು.

ನನ್ನ ಗೆಳತಿಗೆ 61 ವರ್ಷ. ಗಂಡ ತೀರಿಕೊಂಡ ಮೇಲೆ ಅವರು ಸಿಂಕ್ ಪಕ್ಕ ನಿಂತುಕೊಂಡೇ ಊಟ ಮಾಡ್ತಿದ್ದರು. ಪಾತ್ರೆಯಿಂದಲೇ, ಚಮಚದಲ್ಲಿ. ನಾಲ್ಕು ವರ್ಷ ಹಾಗೇ. 'ನನ್ನೊಬ್ಬಳಿಗೆ ತಟ್ಟೆ ಯಾಕೆ ಕೊಳೆ ಮಾಡಲಿ' ಅಂತಿದ್ದರು.

ಅವರು ಅಂಥ ಒಂದು ಕೇಂದ್ರಕ್ಕೆ ಹೋದರು. ಅಣಬೆಗೆ ಮುಂಚೆಯೇ ಅಲ್ಲಿನವರು ಅವರನ್ನು ಕೂರಿಸಿ ತುಂಬಾ ಹೊತ್ತು ಮಾತಾಡಿಸಿದರು. ಹಿಂದೆ ಯಾವತ್ತಾದರೂ ಸೈಕೋಸಿಸ್, ಅಂದರೆ ಇಲ್ಲದ್ದು ಕಾಣುವ, ಕೇಳಿಸುವ ಕಾಯಿಲೆ ಬಂದಿತ್ತಾ? ಕಳೆದ 30 ದಿನದಲ್ಲಿ ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತಗೊಂಡಿದ್ದೀರಾ? ನಿಮಗೋ ಬೇರೆಯವರಿಗೋ ಏನಾದರೂ ಮಾಡಬೇಕು ಅನಿಸುತ್ತಿದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ವಾಪಸ್ ಕಳಿಸ್ತಾರೆ. ಭಯವಾದಾಗ ಕೈ ಹಿಡಿಯಬಹುದಾ ಅನ್ನೋದನ್ನೂ ಮೊದಲೇ ಕೇಳಿ ಬರೆಸಿಕೊಂಡರು. ಮನೆಗೆ ಹೇಗೆ ಹೋಗ್ತೀರಿ ಅಂತಲೂ ಕೇಳಿದರು. ಅವತ್ತು ಕಾರು ಓಡಿಸೋ ಹಾಗಿಲ್ಲ. ಹಾಗಾಗಿ ನಾನು.

ಸಂಜೆ ಐದಕ್ಕೆ ಹೋದೆ. ಬಾಗಿಲ ಹತ್ತಿರದ ಬೆಂಚಿನ ಮೇಲೆ ಒಂದು ಶೂ ಹಾಕಿಕೊಂಡು, ಇನ್ನೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಕಣ್ಣು ಊದಿತ್ತು. ಪಕ್ಕದಲ್ಲಿ ಆ ಹೆಂಗಸು, ಬೆಳಿಗ್ಗೆಯಿಂದ ಜೊತೆಗಿದ್ದವರು, ಸುಮ್ನೆ ಕೂತಿದ್ದರು. ಬೇಗ ಹಾಕಿ ಅನ್ನಲಿಲ್ಲ, ಹಾಕಿಕೊಡಲೂ ಇಲ್ಲ. ಹತ್ತು ನಿಮಿಷ ಆದ ಮೇಲೆ ಗೆಳತಿ ತಾವೇ ಲೇಸ್ ಕಟ್ಟಿಕೊಂಡರು. ಕಾರಿನಲ್ಲಿ ಹೇಳಿದ್ದು ಒಂದೇ ಮಾತು. 'ನಾನು ನನ್ನ ಜೊತೆ ಎಷ್ಟು ಕೆಟ್ಟದಾಗಿ ಮಾತಾಡ್ತಿದ್ದೆ ಅಂತ ಇವತ್ತು ಕೇಳಿಸಿತು.'

ಕೇಳಿಸಿತು ಅಷ್ಟೇ. ಅಣಬೆ ಮಾಡಿದ್ದು ಅಷ್ಟೇ. ಕೆಲಸ ಶುರುವಾದದ್ದು ಆಮೇಲೆ.

ಮೂರನೇ ವಾರಕ್ಕೆ ಆ ಹಳೇ ದನಿ ವಾಪಸ್ ಬಂತು. 'ಎಲ್ಲಾ ಸುಳ್ಳಾಗಿತ್ತು' ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅತ್ತರು. ಅವರಿಗೆ ಒಬ್ಬ ಕೌನ್ಸೆಲರ್ ಇದ್ದರು, ಪ್ರತಿ ವಾರ ಹೋಗ್ತಿದ್ದರು. ಬುಧವಾರ ಬುಧವಾರ ನಾವಿಬ್ಬರೂ ಮಳೆಯಲ್ಲೇ ನಡೆಯೋಕೆ ಹೋಗ್ತಿದ್ದೆವು. ನಾಲ್ಕನೇ ತಿಂಗಳಲ್ಲಿ ಒಂದು ಪುಟ್ಟ ಮೇಜು ಕೊಂಡರು, ಒಬ್ಬರು ಕೂರುವಷ್ಟು. ನಾನು ಹೋದಾಗ ಅದರ ಮೇಲೆ ತಟ್ಟೆ ಇಟ್ಟು, ನ್ಯಾಪ್ಕಿನ್ ಮಡಚಿಟ್ಟು, ಕೂತು ಸೂಪ್ ಕುಡೀತಿದ್ದರು. ನನಗೆ ಗಂಟಲು ಕಟ್ಟಿತು. ಇದನ್ನು ನಾನು ಮಗುವಿಗೆ 'ಅಣಬೆ ತಿಂದ್ರು, ಬದಲಾದ್ರು' ಅಂತ ಹೇಳಿದ್ದೆ!

ಸಂಶೋಧನೆ ಓದಿದರೂ ಇದೇ ಕಾಣುತ್ತದೆ. ಬೇರೆ ಬೇರೆ ಔಷಧಿ ಕೊಟ್ಟರೂ ಸರಿಯಾಗಿ ಬಗ್ಗದ ಖಿನ್ನತೆ ಇರುವ 233 ಜನರ ಮೇಲೆ ನಡೆದ ಪ್ರಯೋಗದ ವರದಿ 2022ರಲ್ಲಿ ಬಂತು. 25 ಮಿಲಿಗ್ರಾಂ ಸೈಲೋಸೈಬಿನ್ ಒಂದು ಸಲ ತಗೊಂಡವರಲ್ಲಿ ಮೂರು ವಾರಕ್ಕೆ ನೂರಕ್ಕೆ 37 ಜನರಿಗೆ ಚೆನ್ನಾಗಿ ಗುಣ ಕಂಡಿತ್ತು. ತೀರಾ ಕಡಿಮೆ, 1 ಮಿಲಿಗ್ರಾಂ ತಗೊಂಡವರಲ್ಲಿ 18. ಇದು ಸಣ್ಣ ವಿಷಯವಲ್ಲ, ನನಗೂ ಖುಷಿಯೇ. ಆದರೆ 12ನೇ ವಾರದ ತನಕ ಆ ಗುಣ ಉಳಿದದ್ದು ನೂರಕ್ಕೆ 20 ಜನರಲ್ಲಿ ಮಾತ್ರ. ಅದೂ ಮುಂಚೆ ತಯಾರಿ, ಪಕ್ಕದಲ್ಲಿ ಥೆರಪಿಸ್ಟ್, ಆಮೇಲೆ ಮಾತುಕತೆ ಎಲ್ಲಾ ಇದ್ದು. ಒಂದೇ ರಾತ್ರಿಯಲ್ಲಿ ಕಲಿಸ್ತೀವಿ ಅನ್ನೋರು ಯಾವ ಧೈರ್ಯದಲ್ಲಿ ಹೇಳ್ತಾರೆ?

ಪೋಸ್ಟರಿನ ಮೂಲೆಯಲ್ಲಿ ಒಬ್ಬ ಮುದುಕಿಯ ಫೋಟೋ ಇತ್ತು, ಹೆಸರಿಲ್ಲದೆ. ಅವರು ಮರಿಯಾ ಸಬೀನಾ. ಮೆಕ್ಸಿಕೋದ ಓಹಾಕಾ ಬೆಟ್ಟಗಳ ವಾವುತ್ಲಾ ಊರಿನ ಮಸಾಟೆಕ್ ಜನಾಂಗದವರು. ಅವರಿಗೆ ಅಣಬೆಗಳು 'ಪವಿತ್ರ ಮಕ್ಕಳು'. ಕಾಯಿಲೆ ಬಿದ್ದವರಿಗಾಗಿ ರಾತ್ರಿಯ ಕತ್ತಲಲ್ಲಿ ಪೂಜೆ ಇಡುತ್ತಿದ್ದರು. ತಾವೂ ಅಣಬೆ ತಿಂದು, ರೋಗಿಯ ಪಕ್ಕದಲ್ಲೇ ಕೂತು, ಹಾಡುತ್ತಾ ರಾತ್ರಿ ಕಳೆಯುತ್ತಿದ್ದರು. ಬಾಣಂತಿ ಪಕ್ಕ ಕಣ್ಣುಮುಚ್ಚದೆ ಕೂರುವ ಅಜ್ಜಿಯ ಹಾಗೆ. 1955ರಲ್ಲಿ ಅಮೆರಿಕದ ಬ್ಯಾಂಕ್ ಅಧಿಕಾರಿ ಗಾರ್ಡನ್ ವಾಸನ್ ಆ ಪೂಜೆಯಲ್ಲಿ ಕೂತ. 1957ರಲ್ಲಿ ಲೈಫ್ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದ. ಮರಿಯಾ ಹೆಸರು ಬದಲಾಯಿಸಿ ಬರೆದರೂ ಜನ ಹುಡುಕಿಕೊಂಡು ಹೋದರು. ಪೊಲೀಸರು ಬಂದರು. ಊರವರು ಮರಿಯಾರನ್ನೇ ದೂರಿದರು, ಮನೆ ಸುಟ್ಟು ಹೋಯಿತು. 1985ರಲ್ಲಿ ಬಡತನದಲ್ಲೇ ತೀರಿಕೊಂಡರು. ಹೊರಗಿನವರು ಬಂದ ಮೇಲೆ ಪವಿತ್ರ ಮಕ್ಕಳ ಶಕ್ತಿ ಹೋಯಿತು ಅಂತ ಸಂಕಟಪಟ್ಟಿದ್ದರು. ಅಣಬೆ ಜಗತ್ತಿಗೆಲ್ಲ ಬೇಕಾಯಿತು. ರಾತ್ರಿ ಪಕ್ಕ ಕೂತು ಹಾಡಿದವರು ಯಾರಿಗೂ ಬೇಡವಾದರು. ಈಗ ಈ ಪೋಸ್ಟರಿನಲ್ಲೂ ಅದೇ.

'ಮಣ್ಣಿಂದ ಬಂದದ್ದು, ನ್ಯಾಚುರಲ್, ಏನಾಗುತ್ತೆ?' ಅಂತ ಆ ಕೊಡೈಕೆನಾಲ್ ಗುಂಪಿನ ಹುಡುಗನೊಬ್ಬ ತಂಗಿ ಮಗಳಿಗೆ ಹೇಳಿದ್ದಾನೆ. ಉಮ್ಮತ್ತಿಯೂ ಮಣ್ಣಿಂದಲೇ ಬರುತ್ತೆ. ಕಾಡಲ್ಲಿ ಕಿತ್ತ ಅಣಬೆ ಯಾವುದು ಅಂತ ಅವನಿಗೆ ಗೊತ್ತಾ? ನೋಡೋಕೆ ಹಾಗೇ ಇರುವ, ಲಿವರ್ ಕೆಡಿಸಿ ಜೀವ ತೆಗೆಯುವ ಜಾತಿಗಳಿವೆ. ಮನೆತನದಲ್ಲಿ ಬೈಪೋಲಾರ್, ಅಂದರೆ ಮನಸ್ಸು ಅತಿ ಉತ್ಸಾಹಕ್ಕೂ ಅತಿ ಖಿನ್ನತೆಗೂ ತೂಗಾಡುವ ಕಾಯಿಲೆ ಇರುವವರಿಗೆ ಇದು ಏನು ಮಾಡಬಹುದು ಅಂತ ಗೊತ್ತಾ? ಮಾತ್ರೆ ದಿಢೀರ್ ನಿಲ್ಲಿಸಿದರೆ ನಾಲ್ಕನೇ ದಿನ ತಲೆ ಹೇಗೆ ತಿರುಗುತ್ತೆ, ಮನಸ್ಸು ಹೇಗೆ ಕುಸಿಯುತ್ತೆ ಅಂತ ಗೊತ್ತಾ? ಇನ್ನು ಭಾರತದಲ್ಲಿ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಸೈಲೋಸೈಬಿನ್ ಅಪರಾಧ. ಬೆಟ್ಟದ ಮೇಲೆ ಯಾರಿಗಾದರೂ ಹೆಚ್ಚುಕಮ್ಮಿ ಆದರೆ ಆಸ್ಪತ್ರೆಗೆ ಕರೆದೊಯ್ಯೋಕೇ ಈ ಜನ ಹೆದರ್ತಾರೆ. ನನಗೆ ಅದೇ ಜಾಸ್ತಿ ಭಯ.

'ನಿಮ್ಮಲ್ಲಿ ಸಾವಿರಾರು ಡಾಲರ್, ಬಡವರು ಏನು ಮಾಡಬೇಕು?' ಅಂತಲೂ ಕೇಳಬಹುದು. ಆ ಮಾತು ನಿಜ, ಇಲ್ಲಿ ದುಬಾರಿ, ಅದು ಅನ್ಯಾಯವೇ. ಆದರೆ ಆ ದುಡ್ಡಿನ ಒಂದು ಪಾಲು ಹೋಗೋದು ಪಕ್ಕ ಕೂರುವ ಮನುಷ್ಯರಿಗೆ. ಅವರನ್ನೇ ತೆಗೆದುಹಾಕಿ ಬರೀ ಅಣಬೆ ಕೊಟ್ಟರೆ ಅದು ಅಗ್ಗವಾಗಲಿಲ್ಲ, ಬೇರೆಯೇ ವಸ್ತು ಆಯಿತು.

ಇದೆಲ್ಲಾ ಹೇಳಿದ ಮೇಲೆ ಹುಡುಗಿ ಸುಮ್ಮನಾದಳು. ಆಮೇಲೆ ಕೇಳಿದಳು. 'ದೊಡ್ಡಮ್ಮ, ಮತ್ತೆ ನನ್ನನ್ನ ಕಂಡ್ರೆ ನನಗೇ ಆಗಲ್ವಲ್ಲ, ಅದಕ್ಕೇನು ಮಾಡ್ಲಿ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಸನದಲ್ಲಿ ನಮ್ಮಮ್ಮ ಎಲ್ಲರಿಗೂ ಬಡಿಸಿ, ತಳ ಹಿಡಿದ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಒಲೆ ಮುಂದೆ ತಿನ್ನುತ್ತಿದ್ದಳು. ನಾನೂ ಇವತ್ತಿನ ತನಕ ಹರಿದ ದೋಸೆಯನ್ನೇ ನನ್ನ ತಟ್ಟೆಗೆ ಹಾಕಿಕೊಳ್ತೀನಿ. ತನಗಾಗಿ ಏನಾದರೂ ಮಾಡಿಕೊಂಡರೆ ನಮ್ಮ ಮನೆಯಲ್ಲಿ ಅದಕ್ಕಿದ್ದ ಒಂದೇ ಹೆಸರು ಸ್ವಾರ್ಥ. ಆ ಮಗು ಇದನ್ನು ನಮ್ಮಿಂದಲೇ ಕಲಿತಿದ್ದಾಳೆ. ಇದನ್ನು ಅವಳಿಗೆ ಹೇಳಿದೆ. ಅತ್ತಳು, ನಾನೂ ಅತ್ತೆ.

ಮಂಗಳವಾರ ಅವಳ ಡಾಕ್ಟರ ಹತ್ತಿರ ಹೋಗ್ತಾಳೆ, ಪೋಸ್ಟರನ್ನೂ ತೋರಿಸ್ತಾಳೆ. ಕೊಡೈಕೆನಾಲಿಗೆ ಕಟ್ಟಿದ ಮುಂಗಡ ವಾಪಸ್ ಬರಲ್ಲವಂತೆ, ಹೋಗಲಿ. ಭಾನುವಾರ ಅವಳಿಗೆ ರಾತ್ರಿ ಎಂಟೂವರೆ, ನನಗೆ ಬೆಳಿಗ್ಗೆ ಎಂಟು, ವಿಡಿಯೋ ಕಾಲ್ ಹಾಕಿಕೊಂಡು ಇಬ್ಬರೂ ಕೂತು ತಿನ್ನೋಣ ಅಂತ ಮಾತಾಡಿಕೊಂಡಿದ್ದೇವೆ. ಪೋಸ್ಟರ್ ನಿಮ್ಮ ಗ್ರೂಪಿಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ನಿಮ್ಮ ಮನೆ ಮಕ್ಕಳು ಅದನ್ನು ನೋಡಿ ಮಾತ್ರೆ ನಿಲ್ಲಿಸಿದ್ದಾರಾ ಅಂತ ಇವತ್ತೇ ಒಂದು ಫೋನ್ ಮಾಡಿ ಕೇಳಿ.